ಆಯುಧಪೂಜೆಯ ದಿನದ ಎಣಿಕೆ

ಬೂದುಗುಂಬಳಕಾಯಿಯನ್ನು ಯಾವ ಕೋಡ್ ನಂಬರಿನಡಿ ಸೇರಿಸಬೇಕು ಎಂಬ ಪ್ರಶ್ನೆಗೆ ನಾವು ಏಳು ಜನ ಮುಕ್ಕಾಲು ಗಂಟೆ ತಲೆ ಕೆಡಿಸಿಕೊಂಡೆವು. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ನಮ್ಮ ಕಾರ್ಖಾನೆಗೆ ಹೊಸ ಸಾಫ್ಟ್‌ವೇರ್ ಬರುವುದಿತ್ತು. ಕೊಳ್ಳುವುದು, ಇಡುವುದು, ಬಳಸುವುದು, ಮಾರುವುದು ಎಲ್ಲವೂ ಅದರೊಳಗೇ ನಡೆಯಬೇಕು. ಬೆಂಗಳೂರಿನ ಹೆಡ್ ಆಫೀಸಿನಲ್ಲಿ ಕುಳಿತವರಿಗೆ ನಮ್ಮ ಗೋದಾಮಿನ ಒಂದು ಮೊಳೆಯೂ ಕಾಣಬೇಕು. ಹಾಗಾಗಬೇಕಾದರೆ ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಕೊಡಬೇಕಿತ್ತು. ನಾನು ಅಲ್ಲಿನ ಸ್ಟೋರ್ಸ್ ಇನ್‌ಚಾರ್ಜ್. ಹತ್ತೊಂಬತ್ತು ವರ್ಷ ಪ್ರತಿ ಆಯುಧಪೂಜೆಗೂ ಕುಂಬಳಕಾಯಿ, ಬಾಳೆಕಂದು, ಚೆಂಡುಹೂವು, ಪುರಿ ತರಿಸಿದವಳು ನಾನೇ. ಮನೆಯಲ್ಲಿ ದಖ್ನಿ ಮಾತಾಡುವ ಮುಸ್ಲಿಂ ಹೆಂಗಸು ಕುಂಬಳಕಾಯಿಯನ್ನು ತಟ್ಟಿ ತಟ್ಟಿ ಆರಿಸುವುದನ್ನು ಕಂಡು ಮಾರುಕಟ್ಟೆಯವನಿಗೆ ಮೊದಲ ವರ್ಷ ಆಶ್ಚರ್ಯವಾಗಿತ್ತು, ಆಮೇಲೆ ಅಭ್ಯಾಸವಾಯಿತು.

“ಮೇಡಂ, ಇದು ವರ್ಷಕ್ಕೊಂದೇ ಸಲ ಖರ್ಚಾಗುತ್ತಲ್ವಾ? ಯಾವ ಡಿಪಾರ್ಟ್‌ಮೆಂಟ್ ಇದನ್ನ ಕನ್ಸ್ಯೂಮ್ ಮಾಡುತ್ತೆ?” ಎಂದು ಕೇಳಿದವನು ಕನ್ಸಲ್ಟೆಂಟ್. ಬೆಂಗಳೂರಿನಿಂದ ದಿನಾ ಕಾರಿನಲ್ಲಿ ಬರುತ್ತಿದ್ದ, ಮೂವತ್ತೈದರ ಆಸುಪಾಸಿನ, ಎಂದೂ ದನಿ ಏರಿಸದ ಮನುಷ್ಯ.

“ರೋಡ್ ಕನ್ಸ್ಯೂಮ್ ಮಾಡುತ್ತೆ. ಗೇಟ್ ಮುಂದೆ ಒಡೀತೀವಿ,” ಎಂದೆ.

ಎಲ್ಲರೂ ನಕ್ಕರು. ಕಡೆಗೆ ಕುಂಬಳಕಾಯಿಯೂ ಗ್ರೀಸು, ಒರೆಸುವ ಬಟ್ಟೆಗಳ ಜೊತೆ ಯಂತ್ರ ನಿರ್ವಹಣೆಯ ಸಾಮಗ್ರಿ ಎಂಬ ಪಟ್ಟಿಗೆ ಸೇರಿತು. ಆ ನಗುವಿನ ಹುಮ್ಮಸ್ಸಿನಲ್ಲೇ ನಾನು ಬಾಯಿ ಬಿಟ್ಟೆ. ಆ ದಿನ ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದಿದ್ದರೆ ಈಗ ಇದನ್ನು ಬರೆಯುವ ಗತಿ ನನಗೆ ಬರುತ್ತಿರಲಿಲ್ಲ.

ನಾನು ಏನು ಹೇಳಿದೆ ಎಂಬುದಕ್ಕೆ ಮೊದಲು, ನಮ್ಮಲ್ಲಿ ನಡೆದುಬಂದಿದ್ದ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮ ಕಾರ್ಖಾನೆಯ ಪ್ರತಿ ವಿಭಾಗದಲ್ಲೂ ಒಂದು ಬಚ್ಚಿಟ್ಟ ದಾಸ್ತಾನು ಇರುತ್ತಿತ್ತು. ಹತ್ತು ಬೆಲ್ಟು ಬೇಕೆಂದು ಬರೆದರೆ ಮೇಲಿನವರು ಆರು ಕೊಡುತ್ತಾರೆ. ಆದ್ದರಿಂದ ಆರು ಬೇಕಾದಾಗ ಹತ್ತು ಬರೆಯುವುದು, ಅಪ್ಪಿತಪ್ಪಿ ಹತ್ತೂ ಬಂದರೆ ನಾಲ್ಕನ್ನು ಎಲ್ಲಾದರೂ ತೂರಿಸಿಡುವುದು. ಬಿಚ್ಚಿ ಹಾಕಿದ ಭಾಗದಲ್ಲಿ ಇನ್ನೂ ಜೀವ ಇದ್ದರೆ ಪುಸ್ತಕದಲ್ಲಿ ಅದನ್ನು ಗುಜರಿ ಎಂದು ಬರೆದು, ತೊಳೆದು, ಎಣ್ಣೆ ಹಚ್ಚಿ ಎತ್ತಿಡುವುದು. ಪ್ರಿಂಟಿಂಗಿನವರ ಶಾಯಿ ಡಬ್ಬಗಳು ಹೆಂಗಸರ ವಿಶ್ರಾಂತಿ ಕೋಣೆಯ ಅಟ್ಟದ ಮೇಲಿದ್ದವು. ನನ್ನವೂ ಇದ್ದವು, ಸಿಕ್ ರೂಮಿನ ಮಂಚದ ಕೆಳಗೆ ಎರಡು ಪೆಟ್ಟಿಗೆ. ಕಾಯಿಲೆಯವರು ಅದರ ಮೇಲೆಯೇ ಮಲಗಿ ಏಳುತ್ತಿದ್ದರು. ಇದರಲ್ಲಿ ಯಾರೂ ಒಂದು ಸ್ಕ್ರೂ ಕೂಡ ಮನೆಗೆ ಒಯ್ದವರಲ್ಲ. ಮಿಷಿನ್ನು ನಿಂತ ದಿನ ಒಬ್ಬರ ಬಚ್ಚಿಟ್ಟದ್ದು ಇನ್ನೊಬ್ಬರಿಗೆ ಹೋಗುತ್ತಿತ್ತು, ಒಂದು ಟೀ ಕುಡಿಸಿದರೆ ಮುಗಿಯಿತು. ನಮ್ಮ ಕಾರ್ಖಾನೆ ಓಡುತ್ತಿದ್ದದ್ದೇ ಹೀಗೆ. ಹೊರಗಿನವರಿಗೆ ಇದು ಕಳ್ಳತನದಂತೆ ಕಾಣುತ್ತದೆ ಎಂಬುದು ನಮಗೆ ಹೊಳೆದೇ ಇರಲಿಲ್ಲ.

ಇವೆಲ್ಲದರಲ್ಲಿ ದೊಡ್ಡದು ಮೇಂಟೆನೆನ್ಸ್ ಫೋರ್‌ಮನ್ನರದ್ದು. ರಾಜಘಟ್ಟದ ಆಚೆಯ ಹಳ್ಳಿಯವರು, ಹೊಲ ಮಾಡುವ ಮನೆತನ, ಆದರೆ ಮೂವತ್ತು ವರ್ಷದಿಂದ ಸ್ಪ್ಯಾನರ್ ಹಿಡಿದ ಕೈ. ಅವರಿಗೆ ನಿವೃತ್ತಿಗೆ ಇನ್ನು ಒಂದೂವರೆ ವರ್ಷ ಉಳಿದಿತ್ತು. ಬಾಯ್ಲರಿನ ಹಿಂದೆ ಒಂದು ಹಳೆಯ ಪಂಪ್ ರೂಮು; ಬೋರ್‌ವೆಲ್ ಬತ್ತಿದ ಮೇಲೆ ಅದನ್ನು ಯಾರೂ ಕೇಳುವವರಿರಲಿಲ್ಲ. ಅದರ ಬೀಗದ ಕೈ ಇವರ ಸೊಂಟದ ಉಡಿದಾರದಲ್ಲಿರುತ್ತಿತ್ತು. ಒಳಗೆ ಮೂರು ಗೋಡೆಗೂ ಅಟ್ಟಣಿಗೆ, ಅದರ ಮೇಲೆ ಬೇರಿಂಗು, ಬೆಲ್ಟು, ವಾಲ್ವು, ಹೀಟರು, ಎಲ್ಲ ಎಣ್ಣೆ ಕಾಗದ ಸುತ್ತಿಕೊಂಡು ಮಲಗಿದ್ದವು.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ತಪ್ಪು ಅಗಲದ ಬೆಲ್ಟು ತರಿಸಿಬಿಟ್ಟಿದ್ದೆ. ದೊಡ್ಡ ಮಿಷಿನ್ನು ಎಂದು ನಾವು ಕರೆಯುತ್ತಿದ್ದ ಯಂತ್ರ, ಕಾಗದಕ್ಕೆ ಅಲೆ ಅಲೆಯಾಗಿ ಮಡಿಕೆ ಹಾಕಿ ಅಂಟಿಸಿ ರಟ್ಟು ಮಾಡುವಂಥದ್ದು, ಬೆಳಿಗ್ಗೆ ಹತ್ತಕ್ಕೆ ನಿಂತಿತು. ಹೊಸ ಬೆಲ್ಟು ಬರಲು ಮೂರು ದಿನ ಬೇಕು. ಸ್ಟೋರಿನ ಮೂಲೆಯಲ್ಲಿ ನಿಂತು ದುಪಟ್ಟಾದ ತುದಿ ಕಚ್ಚಿಕೊಂಡು ಅಳುತ್ತಿದ್ದೆ. ಫೋರ್‌ಮನ್ ಬಂದರು, ನನ್ನ ಮುಖ ನೋಡಿದರು, ಏನೂ ಕೇಳದೆ ಹೋದರು. ಹತ್ತು ನಿಮಿಷದಲ್ಲಿ ಸರಿಯಾದ ಬೆಲ್ಟು ತಂದು ಮೇಜಿನ ಮೇಲಿಟ್ಟು, “ನೀನೇ ಕೊಟ್ಟೆ ಅಂತ ಬರ್ಕೋ ತಾಯಿ. ಯಾರಾದ್ರೂ ಕೇಳಿದ್ರೆ ಹಳೇ ಸ್ಟಾಕಲ್ಲಿತ್ತು ಅನ್ನು,” ಎಂದರು. ಆ ದಿನದಿಂದ ಅವರು ನನಗೆ ಅಣ್ಣ. ಬಾಯಿಮಾತಿನ ಅಣ್ಣನಲ್ಲ. ನನ್ನ ಅಬ್ಬಾ ಆಸ್ಪತ್ರೆಯಲ್ಲಿದ್ದಾಗ ಇಪ್ಪತ್ತು ದಿನ ನನ್ನ ಕೆಲಸವನ್ನೂ ತಾವೇ ಮಾಡಿದವರು.

ಅವರಿಗೆ ಒಂದು ನೇಮವಿತ್ತು. ಆಯುಧಪೂಜೆಯ ದಿನ ಪಂಪ್ ರೂಮಿನ ಬೀಗ ತೆಗೆದು, ಬಚ್ಚಿಟ್ಟದ್ದನ್ನೆಲ್ಲ ಹೊರಗೆ ತಂದು, ಬಾಯ್ಲರ್ ಶೆಡ್ಡಿನಲ್ಲಿ ಹಸಿರು ಚಾಪೆಯ ಮೇಲೆ ಸಾಲಾಗಿ ಇಟ್ಟು, ಒಂದೊಂದಕ್ಕೂ ವಿಭೂತಿ ಬಳಿದು ಕುಂಕುಮ ಇಡುತ್ತಿದ್ದರು. ಪೂಜೆಯಿಲ್ಲದೆ ಉಳಿದ ಸಾಮಾನು ಬೇಕಾದ ಹೊತ್ತಿಗೆ ಕೈ ಕೊಡುತ್ತದೆ ಎಂದು ಅವರ ನಂಬಿಕೆ. ಸಂಜೆ ಮತ್ತೆ ಒಳಗೆ, ಮತ್ತೆ ಬೀಗ. ಅವರನ್ನು ನೋಡಿ ಬೇರೆಯವರೂ ಹಾಗೇ ಮಾಡುತ್ತಿದ್ದರು. ವರ್ಷದಲ್ಲಿ ಅದೊಂದೇ ದಿನ ಕಾರ್ಖಾನೆಯಲ್ಲಿ ನಿಜವಾಗಿ ಏನೇನಿದೆ ಎಂಬುದು ಬೆಳಕಿಗೆ ಬರುತ್ತಿತ್ತು. ಮ್ಯಾನೇಜರುಗಳು ಆ ದಿನ ಮುಂದಿನ ಹಾಲಿನಲ್ಲಿ ಮಂಗಳಾರತಿ ತೆಗೆದುಕೊಂಡು, ಬೂಂದಿ ಪೊಟ್ಟಣ ಹಿಡಿದು, ಹನ್ನೊಂದಕ್ಕೆಲ್ಲ ಮನೆ ಸೇರುತ್ತಿದ್ದರು. ಹಿಂದಿನ ಶೆಡ್ಡಿಗೆ ಯಾರೂ ಬರುತ್ತಿರಲಿಲ್ಲ.

ಈಗ ನಾನು ಬಾಯಿ ಬಿಟ್ಟ ವಿಷಯ. ಗೋಡೆಯ ಮೇಲೆ ಬಣ್ಣಬಣ್ಣದ ಚೌಕಗಳ ದೊಡ್ಡದೊಂದು ಯೋಜನಾಪಟ ಅಂಟಿಸಿದ್ದರು. ಯುಗಾದಿಯಿಂದ ಶುರುವಾಗಿ ಜನವರಿಯ ಗೋ-ಲೈವ್ ತನಕ, ಅಂದರೆ ಹಳೆಯದನ್ನು ಮುಚ್ಚಿ ಹೊಸದನ್ನು ಚಾಲೂ ಮಾಡುವ ದಿನದ ತನಕ. ನಡುವೆ ಒಂದು ಕೆಂಪು ಚೌಕ ಖಾಲಿಯಿತ್ತು: ಭೌತಿಕ ಎಣಿಕೆ. ಕಾರ್ಖಾನೆಯಲ್ಲಿ ಇರುವುದನ್ನೆಲ್ಲ ಒಂದು ದಿನ ಕೈಯಿಂದ ಮುಟ್ಟಿ ಎಣಿಸಬೇಕು. ಹೊಸ ಸಿಸ್ಟಮ್ ಆ ಸಂಖ್ಯೆಯಿಂದ ಶುರುವಾಗಬೇಕು.

“ಎಲ್ಲಾ ಫ್ಯಾಕ್ಟರೀಲೂ ಇಲ್ಲೇ ಸಿಕ್ಕಾಕ್ಕೊಳ್ತೀವಿ,” ಎಂದ ಕನ್ಸಲ್ಟೆಂಟ್. “ಜನ ಸ್ಟಾಕ್ ಬಚ್ಚಿಡ್ತಾರೆ. ಹೊರಗೆ ತರೋದೇ ಇಲ್ಲ. ಆಮೇಲೆ ಪ್ಲಾನಿಂಗೆಲ್ಲ ತಪ್ಪಾಗುತ್ತೆ.”

“ನಮ್ಮಲ್ಲಿ ತರ್ತಾರೆ. ಆಯುಧಪೂಜೆ ದಿನ ಬನ್ನಿ. ಒಂದು ನಟ್ಟೂ ಒಳಗಿರಲ್ಲ,” ಎಂದೆ ನಾನು.

ಏಕೆ ಹೇಳಿದೆ? ಜಂಬ, ಮತ್ತೇನು. ಪಿಯುಸಿ ಮುಗಿಸಿ ಟೈಪಿಂಗ್ ಕಲಿತು ಬಂದವಳು. ಹತ್ತೊಂಬತ್ತು ವರ್ಷ ಫ್ಯಾನ್ ಕೂಡ ನೆಟ್ಟಗೆ ತಿರುಗದ ಸ್ಟೋರಿನಲ್ಲಿ ಕುಳಿತವಳನ್ನು ಒಮ್ಮೆಲೇ ಎಸಿ ಕೋಣೆಗೆ ಕರೆದು, ಕೊರಳಿಗೆ ನೀಲಿ ಪಟ್ಟಿಯ ಗುರುತಿನ ಚೀಟಿ ಹಾಕಿ, ಕೀ ಯೂಸರ್ ಎಂದು ಹೆಸರಿಟ್ಟು, ಲ್ಯಾಪ್‌ಟಾಪು ಕೊಟ್ಟಿದ್ದರು. ನನ್ನ ಮಾತಿಗೆ ಕೋಣೆಯಲ್ಲಿದ್ದ ಆರೂ ಜನ ತಿರುಗಿ ನೋಡಿದರು. ಕನ್ಸಲ್ಟೆಂಟ್ ಪೆನ್ನು ಕೆಳಗಿಟ್ಟು, “ಬ್ರಿಲಿಯಂಟ್ ಮೇಡಂ,” ಎಂದ. ಕಾರ್ಖಾನೆಯ ಮ್ಯಾನೇಜರು ತಾವೇ ಎದ್ದು ಹೋಗಿ ಕೆಂಪು ಚೌಕದಲ್ಲಿ ಹಬ್ಬದ ದಿನವನ್ನು ಬರೆದರು. ನನಗೆ ಹೆಮ್ಮೆಯಿಂದ ಕಿವಿ ಬಿಸಿಯಾಗಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ಪಂಪ್ ರೂಮು ನೆನಪಾಯಿತು. ಮರುದಿನವೇ ಮ್ಯಾನೇಜರ ಬಳಿ ಹೋಗಿ ಕೇಳಿದೆ. “ಸಾರ್, ಲೆಕ್ಕದಲ್ಲಿಲ್ಲದ್ದು ಸಿಕ್ರೆ ಯಾರಿಗೂ ತೊಂದ್ರೆ ಆಗಲ್ಲ ತಾನೆ?”

“ಛೆ ಛೆ. ಒಂದ್ಸಲ ಎಲ್ಲಾ ಮಾಫಿ ಅಂತ ಹೇಳಿ ಅವ್ರಿಗೆ. ನಮಗೆ ನಂಬರ್ ಬೇಕು ಅಷ್ಟೇ, ಮನುಷ್ಯರು ಬೇಡ,” ಎಂದರು.

ಆ ಮಾತನ್ನು ಹಿಡಿದುಕೊಂಡು ಹಬ್ಬಕ್ಕೆ ಹದಿನೈದು ದಿನ ಇರುವಾಗ ಕ್ಯಾಂಟೀನಿನಲ್ಲಿ ಅಣ್ಣನ ಎದುರು ಕುಳಿತೆ. ಅವರು ಮುದ್ದೆಯನ್ನು ಸಾರಿಗೆ ಅದ್ದುತ್ತಾ ಕೊನೆಯ ತನಕ ಕೇಳಿದರು.

“ಆಫೀಸ್‌ನೋರು ಏನಾದ್ರೂ ಕೊಡಲ್ಲ ಅಂದ್ರೆ ನಂಗೆ ಭಯ ಇಲ್ಲಮ್ಮಾ. ಏನಿದೆ ತೋರ್ಸು ಅಂದ್ರೆ ಭಯ.”

“ಒಂದೇ ಒಂದ್ಸಲ ಅಣ್ಣಾ. ಆಮೇಲೆ ಕದ್ದುಮುಚ್ಚಿ ಇಡೋ ತಾಪತ್ರಯಾನೇ ಇರಲ್ಲ. ಎಲ್ಲಾ ಕಂಪ್ಯೂಟರಲ್ಲಿ ಇರುತ್ತೆ, ಬೇಕಾದಾಗ ಬರೆದು ತಗೋಬೋದು.”

“ಯಾರೂ ಏನೂ ಕೇಳಲ್ವಾ?”

“ಯಾರೂ ಕೇಳಲ್ಲ. ನನ್ ಮಾತು ಅಣ್ಣಾ ಇದು.”

ಅವರು ಕೈ ತೊಳೆದು ಬಂದು, “ನಿನ್ ಮಾತು ಅಂದ್ಮೇಲೆ ಇನ್ನೇನು, ಬಿಡು,” ಎಂದರು. ಅಷ್ಟೇ ಆದದ್ದು.

ಇಲ್ಲಿ ಇನ್ನೊಂದು ವಿಷಯವನ್ನೂ ಬರೆಯಬೇಕು, ಯಾಕೆಂದರೆ ಬಿಟ್ಟರೆ ನಾನು ಒಳ್ಳೆಯವಳಾಗಿಬಿಡುತ್ತೇನೆ. ಸಿಕ್ ರೂಮಿನ ಮಂಚದ ಕೆಳಗಿದ್ದ ನನ್ನ ಎರಡು ಪೆಟ್ಟಿಗೆಗಳನ್ನು ಆ ವಾರವೇ ಹಳೆಯ ಪುಸ್ತಕಕ್ಕೆ ಸೇರಿಸಿಬಿಟ್ಟೆ. ‘ಪರಿಶೀಲನೆ ವೇಳೆ ಸಿಕ್ಕಿದ್ದು’ ಎಂದು ಒಂದೇ ಸಾಲು, ಕೆಳಗೆ ನನ್ನದೇ ಸಹಿ. ಅಣ್ಣನ ಸಾಮಾನನ್ನೂ ಹಾಗೇ ಸೇರಿಸಬಹುದಿತ್ತು. ಇನ್ನೂರಕ್ಕೂ ಮೇಲೆ ಸಾಲು ಬರೆಯಬೇಕಾಗುತ್ತಿತ್ತು, ಎರಡು ದಿನದ ಕೆಲಸ. ನನಗೆ ಯೋಜನೆಯ ಕೆಲಸ ತಲೆಗೆ ಏರಿತ್ತು. ಪುರುಸೊತ್ತಿಲ್ಲ ಎಂದುಕೊಂಡೆ.

ಹಬ್ಬದ ದಿನ ಬೆಳಿಗ್ಗೆ ಎಂಟಕ್ಕೆ ಕಾರ್ಖಾನೆ ತಲುಪಿದೆ. ಬಾಗಿಲಿಗೆ ಬಾಳೆಕಂದು ಕಟ್ಟುತ್ತಿದ್ದರು. ಕುಂಬಳಕಾಯಿ ಎಣಿಸಿ ಇಳಿಸಿಕೊಂಡು, ಲ್ಯಾಪ್‌ಟಾಪು ತೆರೆದು ನೋಡಿದರೆ ಹೆಡ್ ಆಫೀಸಿನ ಪತ್ರವೊಂದನ್ನು ಮ್ಯಾನೇಜರು ನನಗೆ ಕಳಿಸಿದ್ದರು. ಎಣಿಕೆಯ ನಮೂನೆಯಲ್ಲಿ ಇನ್ನೊಂದು ಕಾಲಂ ಸೇರಿಸಬೇಕು: ಲೆಕ್ಕಕ್ಕೆ ಬಾರದ ವಸ್ತು ಯಾರ ವಶದಲ್ಲಿತ್ತು, ಹೆಸರು. ಅದರ ಕೆಳಗೆ, ಅಂಥವರ ಮೇಲೆ ಕ್ರಮ ತೆಗೆದುಕೊಳ್ಳುವ ಬಗ್ಗೆ ಪ್ರತ್ಯೇಕವಾಗಿ ತಿಳಿಸಲಾಗುವುದು ಎಂದಿತ್ತು. ಮೇಲೆ ಮ್ಯಾನೇಜರು ಬರೆದದ್ದು ಒಂದೇ ಸಾಲು, ದಯವಿಟ್ಟು ಈ ಕಾಲಂ ಸೇರಿಸಿ ಪ್ರಿಂಟ್ ತೆಗೆಯಿರಿ.

ಮ್ಯಾನೇಜರಿಗೆ ಫೋನು ಮಾಡಿದೆ, ಎತ್ತಲಿಲ್ಲ. ನಮೂನೆಗೆ ಕಾಲಂ ಸೇರಿಸಿದೆ. ಹೌದು, ಸೇರಿಸಿದೆ, ಪ್ರಿಂಟೂ ತೆಗೆದೆ. ಐವತ್ತು ಪ್ರತಿ ಬೆಚ್ಚಗೆ ಹೊರಗೆ ಬಂದವು.

ಅವನ್ನು ಹಿಡಿದುಕೊಂಡು ಬಾಯ್ಲರ್ ಶೆಡ್ಡಿನ ಕಡೆ ಹೋದೆ. ಅಣ್ಣ ಪಂಪ್ ರೂಮಿನ ಮುಂದೆ ನಿಂತಿದ್ದರು. ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಹಣೆಗೆ ಕುಂಕುಮವಿಟ್ಟು ಮದುವೆ ಮನೆಯ ಹಿರಿಯರಂತೆ ಕಾಣುತ್ತಿದ್ದರು. ಬೀಗದ ಕೈ ಆಗಲೇ ಕೈಯಲ್ಲಿತ್ತು. ಶೆಡ್ಡಿನ ಆ ತುದಿಯಲ್ಲಿ ಕನ್ಸಲ್ಟೆಂಟನ ಕಡೆಯ ಇಬ್ಬರು ಸಂಖ್ಯೆ ಅಚ್ಚಾದ ಸ್ಟಿಕ್ಕರಿನ ಸುರುಳಿಗಳನ್ನು ಬಿಚ್ಚುತ್ತಿದ್ದರು. ಇನ್ನೂ ದೂರದಲ್ಲಿದ್ದರು. ನಾವು ಆಡುವುದು ಅವರಿಗೆ ಕೇಳುತ್ತಿರಲಿಲ್ಲ.

“ಏನಮ್ಮಾ, ತೆಗೀಲಾ?” ಎಂದರು ಅಣ್ಣ.

ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಬೇಡ ಎಂದು ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಬಾಯಿ ತೆರೆಯುವ ಅಗತ್ಯವೂ ಇರಲಿಲ್ಲ. ಆದರೆ ಕೆಂಪು ಚೌಕ ನನ್ನದು, ಐಡಿಯಾ ನನ್ನದು. ಎಲ್ಲ ಹೊರಗೆ ಬರುತ್ತದೆ ಎಂದು ಎಲ್ಲರ ಮುಂದೆ ಹೇಳಿದವಳು ನಾನು. ಪಂಪ್ ರೂಮು ಖಾಲಿ ಎಂದರೆ ನನ್ನ ಮುಖಕ್ಕೆ ಮಂಗಳಾರತಿ ಆಗುತ್ತಿತ್ತು. ಪತ್ರದಲ್ಲಿ ಏನೋ ಬರೆದಿದ್ದಾರೆ, ಮ್ಯಾನೇಜರು ಮಾಫಿ ಎಂದಿದ್ದಾರಲ್ಲ, ಮೂವತ್ತು ವರ್ಷದ ಮನುಷ್ಯನಿಗೆ ಯಾರು ಏನು ಮಾಡುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

“ತೆಗೀರಿ ಅಣ್ಣಾ,” ಎಂದೆ.

ಅವರು ಎಂದಿನಂತೆ ಒಂದೊಂದನ್ನೇ ತಂದು ಚಾಪೆಯ ಮೇಲಿಟ್ಟರು. ಕೊನೆಗೆ ಬಂದದ್ದು ದೊಡ್ಡ ಮಿಷಿನ್ನಿನ ರೋಲಿನ ಬೇರಿಂಗು, ಊಟದ ತಟ್ಟೆಯಷ್ಟು ಅಗಲ. ಅದನ್ನು ಅವರು ಎದೆಗೆ ಅವುಚಿಕೊಂಡು ತಂದರು. ಬೇರೆ ದೇಶದಿಂದ ಬರಬೇಕಾದ ಸಾಮಾನು. ಹಿಂದೊಮ್ಮೆ ಮಿಷಿನ್ನನ್ನು ಪೂರ್ತಿ ಬಿಚ್ಚಿದಾಗ ಎರಡು ಬೇರಿಂಗು ಬದಲಾಯಿಸಿದ್ದರು. ಒಂದು ಸವೆದಿತ್ತು, ಇನ್ನೊಂದಕ್ಕೆ ಏನೂ ಆಗಿರಲಿಲ್ಲ. ಪುಸ್ತಕದಲ್ಲಿ ಎರಡೂ ಗುಜರಿ. ಏನೂ ಆಗದ್ದನ್ನು ಇವರು ಎತ್ತಿಟ್ಟು, ತಿಂಗಳಿಗೊಮ್ಮೆ ಕೈಯಿಂದ ತಿರುಗಿಸಿ, ಹೊಸ ಗ್ರೀಸು ತುಂಬಿ, ಒಂಬತ್ತು ವರ್ಷ ಕಾಪಾಡಿದ್ದರು.

ವಿಭೂತಿ ಬಳಿದು ಕುಂಕುಮ ಇಡುತ್ತಾ ಅವರು ಮುಂದೆ ಸಾಗಿದಂತೆ, ಹಿಂದಿನಿಂದ ಸ್ಟಿಕ್ಕರಿನವರು ಬಂದರು. ಕುಂಕುಮದ ಮೇಲೆ ಸ್ಟಿಕ್ಕರು ನಿಲ್ಲಲಿಲ್ಲ. ಒಬ್ಬ ಬಟ್ಟೆ ತೆಗೆದು ಉಜ್ಜಿ ಒರೆಸಿ ಅಂಟಿಸತೊಡಗಿದ.

“ಸ್ವಾಮೀ, ಇನ್ನೂ ಮಂಗಳಾರತಿ ಆಗಿಲ್ಲ ಕಣ್ರೀ,” ಎಂದರು ಅಣ್ಣ, ಕೋಪದಿಂದಲ್ಲ, ಬೇಡಿಕೊಳ್ಳುವಂತೆ.

“ಟೂ ಮಿನಿಟ್ಸ್ ಸರ್,” ಎಂದ ಅವನು, ಒರೆಸುತ್ತಲೇ. ಇನ್ನೊಬ್ಬ ನಮೂನೆ ಹಿಡಿದು ನನ್ನನ್ನು ಕೇಳಿದ, “ಮೇಡಂ, ಕಸ್ಟಡಿ ಅಂತ ಇದೆಯಲ್ಲ, ಇವರ ಹೆಸರು ಹಾಕ್ಲಾ?” ನಾನು ಹೂಂ ಎಂದೆ. ಅಣ್ಣನ ಹೆಸರಿನ ಕಾಗುಣಿತವನ್ನೂ ಹೇಳಿಕೊಟ್ಟೆ. ಆಮೇಲೆ ಅಣ್ಣ ಬಂದವರಿಬ್ಬರಿಗೂ ನನಗೂ ಪುರಿ, ಬಾಳೆಹಣ್ಣು, ಬೂಂದಿಯ ಪೊಟ್ಟಣ ಕೊಟ್ಟರು. ನನಗೆ ಮಾತ್ರ ಎರಡು, “ಒಂದು ಅಮ್ಮಂಗೆ,” ಎಂದು.

ದೀಪಾವಳಿ ಮುಗಿದ ವಾರ ಅವರನ್ನು ಎಸಿ ಕೋಣೆಗೆ ಕರೆದರು. ನಮ್ಮ ಯೋಜನಾಪಟ ಅಂಟಿಸಿದ್ದ ಅದೇ ಕೋಣೆ. ಗುಜರಿ ಎಂದು ಬರೆಸಿದ ಸಾಮಾನನ್ನು ಗುಜರಿಗೆ ಹಾಕದೆ ಬೀಗ ಹಾಕಿ ಇಟ್ಟುಕೊಂಡದ್ದು ಯಾವ ಉದ್ದೇಶಕ್ಕೆ ಎಂದು ಕೇಳಿದರಂತೆ. ಮಿಷಿನ್ನಿಗೆ ಎಂದರಂತೆ ಇವರು. ವಿಚಾರಣೆ ಮಾಡಿಸಿಕೊಳ್ಳುತ್ತೀರೋ, ಗೌರವವಾಗಿ ರಾಜೀನಾಮೆ ಕೊಡುತ್ತೀರೋ ಎಂದರಂತೆ. ವಿಚಾರಣೆ ಎಂದರೆ ಗೇಟಿನ ನೋಟಿಸ್ ಬೋರ್ಡಿನಲ್ಲಿ ಹೆಸರು ಬರುತ್ತದೆ. ಊರಿನ ಅರ್ಧ ಜನ ಅದೇ ಗೇಟಿನಲ್ಲಿ ಓಡಾಡುವವರು. ಅವರು ಕನ್ನಡದಲ್ಲಿ ಸಹಿ ಹಾಕಿ ಹೊರಗೆ ಬಂದರು. ನಮ್ಮಲ್ಲಿ ಯಾರು ನಿವೃತ್ತರಾದರೂ ಶಾಲು ಹೊದಿಸಿ, ಮೈಸೂರು ಪೇಟ ಇಟ್ಟು, ಗೋಡೆ ಗಡಿಯಾರ ಕೊಟ್ಟು ಕಳಿಸುವುದು ವಾಡಿಕೆ. ಆ ಗಡಿಯಾರಗಳನ್ನೂ ನಾನೇ ತರಿಸುವುದು, ಸ್ಟೋರಿನಲ್ಲಿ ನಾಲ್ಕಿದ್ದವು. ಯಾರೂ ಕೇಳಲಿಲ್ಲ, ನಾನೂ ತೆಗೆದುಕೊಂಡು ಹೋಗಲಿಲ್ಲ.

ಪಂಪ್ ರೂಮಿನ ಬೀಗದ ಕೈಯನ್ನು ಅವರು ಒಪ್ಪಿಸಬೇಕಾದದ್ದು ನನಗೇ. ಉಡಿದಾರದಿಂದ ಬಿಚ್ಚಿಕೊಟ್ಟರು. ನಾನು ರಸೀದಿ ಬರೆದುಕೊಟ್ಟೆ. ನನ್ನ ಮುಖ ನೋಡಿ, “ಅಳಬೇಡ ಕಣಮ್ಮಾ. ಒಂದೂವರೆ ವರ್ಷ ಮುಂಚೆ ಹೋಗ್ತಿದೀನಿ, ಅಷ್ಟೇ ತಾನೆ,” ಎಂದರು. ಮ್ಯಾನೇಜರ ಬಳಿ ಜಗಳಕ್ಕೆ ಹೋದೆ. ಹೋದೆ ಎಂದು ಬರೆಯಲು ಮನಸ್ಸಾಗುತ್ತದೆ, ಆದರೆ ಹೋದದ್ದು ಬಾಗಿಲ ತನಕ. ಅವರು ಫೋನಿನಲ್ಲಿದ್ದರು, ಕೈ ಸನ್ನೆ ಮಾಡಿ ಆಮೇಲೆ ಎಂದರು. ಆ ಆಮೇಲೆ ಬರಲೇ ಇಲ್ಲ.

ಜನವರಿಯಲ್ಲಿ ಗೋ-ಲೈವ್ ಆಯಿತು. ಸರ್ವರ್ ಕೋಣೆಯ ಮುಂದೆ ತೆಂಗಿನಕಾಯಿ ಒಡೆದು, ಕೇಕೂ ಕತ್ತರಿಸಿದರು. ನನಗೆ ಒಂದು ಪ್ರಶಸ್ತಿಪತ್ರ ಕೊಟ್ಟರು, ಎಣಿಕೆಗೆ ದಿನ ಸೂಚಿಸಿದ್ದಕ್ಕೆ. ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹಾಕೋಣ ಎಂದು ಅಮ್ಮಿ ಹಟ ಹಿಡಿದಳು. ನಾನು ರೇಗಿಬಿದ್ದೆ. ಕಾಯ್ಕು, ಕಾಯ್ಕು, ಏಕೆ ರೇಗುತ್ತೀಯ ಎಂದು ಎರಡು ದಿನ ಕೇಳಿ ಸುಮ್ಮನಾದಳು.

ಹೊಸ ಸಿಸ್ಟಮಿಗೆ ಒಂದು ಬುದ್ಧಿ ಇತ್ತು. ಬಂದ ದಿನದಿಂದ ಒಮ್ಮೆಯೂ ಬಳಕೆಯಾಗದ ಸಾಮಾನನ್ನು ಅದು ಹುಡುಕಿ ತೆಗೆದು, ವಿಲೇವಾರಿ ಮಾಡಿ ಎಂದು ಪಟ್ಟಿ ಕೊಡುತ್ತಿತ್ತು. ಅದಕ್ಕೆ ಏನು ಗೊತ್ತು? ಪಂಪ್ ರೂಮಿನದೆಲ್ಲ ಆ ಪಟ್ಟಿಗೆ ಬಂತು. ಬರೆದು ತೆಗೆದುಕೊಳ್ಳುವ ಮನುಷ್ಯನೇ ಇರಲಿಲ್ಲವಲ್ಲ. ಈ ಬೇರಿಂಗು ಬೇಕಾಗುತ್ತದೆ ಎಂದು ನಾನು ಒಂದು ಟಿಪ್ಪಣಿ ಬರೆದೆ. ಹಿಂದಿನ ಬಳಕೆಯ ದಾಖಲೆ ಕೊಡಿ ಎಂದು ಹೆಡ್ ಆಫೀಸಿನಿಂದ ಉತ್ತರ ಬಂತು. ಗುಜರಿ ಎಂದು ಬರೆದದ್ದಕ್ಕೆ ದಾಖಲೆ ಎಲ್ಲಿಂದ ತರಲಿ? ಫೆಬ್ರವರಿಯ ಒಂದು ಮಧ್ಯಾಹ್ನ ಗುಜರಿಯವನ ಲಾರಿ ಬಂದು, ತೂಕ ಹಾಕಿ, ಎಲ್ಲವನ್ನೂ ತುಂಬಿಕೊಂಡು ಹೋಯಿತು. ಬೇರಿಂಗನ್ನು ಇಬ್ಬರು ಎತ್ತಿ ಎಸೆದ ಸದ್ದು ನನಗೆ ಸ್ಟೋರಿನ ಒಳಗೆ ಕೇಳಿಸಿತು. ಗೇಟ್ ಪಾಸಿಗೆ ಸಹಿ ನನ್ನದೇ.

ಮಾರ್ಚ್ ಕೊನೆಯಲ್ಲಿ ದೊಡ್ಡ ಮಿಷಿನ್ನಿನ ರೋಲು ಕಿರುಗುಟ್ಟತೊಡಗಿತು. ಸುತ್ತಮುತ್ತ ದ್ರಾಕ್ಷಿ ಕುಯ್ಲಿನ ಕಾಲ, ಪೆಟ್ಟಿಗೆಗೆ ಜನ ಗೇಟಿನಲ್ಲೇ ಕಾದಿರುತ್ತಾರೆ. ಮೂರನೆಯ ದಿನ ಬೇರಿಂಗು ಒಡೆದು ಮಿಷಿನ್ನು ನಿಂತಿತು. ಹೊಸದು ಬರಲು ಐದು ವಾರ ಎಂದು ಹೊಸ ಸಿಸ್ಟಮು ಬಹಳ ಚೆನ್ನಾಗಿ, ಹಸಿರು ಅಕ್ಷರದಲ್ಲಿ ತೋರಿಸಿತು. ಮ್ಯಾನೇಜರು ಸ್ಟೋರಿಗೇ ಇಳಿದು ಬಂದರು. ಹಿಂದೆಂದೂ ಬಂದವರಲ್ಲ.

“ಆ ಫೋರ್‌ಮನ್ ಹತ್ರ ಒಂದಿತ್ತಲ್ವಾ?”

“ನೀವೇ ಮಾರಿಸಿದ್ರಿ ಸಾರ್.”

“ಅವ್ರು ಇಂಥವು ಇನ್ನೊಂದೆಲ್ಲಾದ್ರೂ ಇಟ್ಟಿರ್ತಾರೆ. ನೀವು ಹೋಗಿ ಕೇಳಿ. ನಿಮ್ ಮಾತು ಕೇಳ್ತಾರೆ,” ಎಂದರು.

ಆ ಮಾತಿಗೆ ಅವರ ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು. ಆದರೂ ಹೋದೆ. ಹೋಗಲು ಒಂದು ನೆಪ ಬೇಕಾಗಿತ್ತೇನೋ, ಐದು ತಿಂಗಳಿಂದ ಮುಖ ತೋರಿಸಿರಲಿಲ್ಲ.

ಅವರ ಮನೆ ರಸ್ತೆಯಿಂದ ಸ್ವಲ್ಪ ಒಳಗೆ. ಅಣ್ಣ ಜಗಲಿಯ ಮೇಲೆ ಕುಳಿತು ಯಾರದೋ ಮೋಟಾರು ಬಿಚ್ಚಿಕೊಂಡಿದ್ದರು. ನನ್ನನ್ನು ಕಂಡು ಎದ್ದು, ಪಂಚೆಗೆ ಕೈ ಒರೆಸಿಕೊಂಡು, “ಬಾಮ್ಮಾ, ಬಾ ಬಾ,” ಎಂದರು. ಅವರ ಹೆಂಡತಿ ಬಾಗಿಲಿಗೆ ಬಂದು ನನ್ನನ್ನು ನೋಡಿ, ಬಾ ಎನ್ನಲಿಲ್ಲ.

“ಮಾತು ಕೊಟ್ಟು ಬೀಗ ತೆಗೆಸ್ದೋಳು ಇವಳೇ ಅಲ್ವಾ?” ಎಂದರು ಗಂಡನಿಗೆ, ನನಗೆ ಕೇಳುವಂತೆಯೇ.

“ಸುಮ್ಕಿರೇ. ಅವಳಿಗೇನು ಗೊತ್ತಿತ್ತು ಪಾಪ. ಅವಳಿಗೂ ಅವ್ರು ಮೋಸಾನೇ ಮಾಡಿದ್ದು. ಗೊತ್ತಿದ್ರೆ ನಂಗೆ ಹೇಳ್ದೆ ಇರ್ತಿದ್ಲಾ? ಮಜ್ಜಿಗೆ ತಗೊಂಬಾ, ಹೋಗು,” ಎಂದರು ಅಣ್ಣ.

ಆಗ ಹೇಳಬೇಕಿತ್ತು. ಪತ್ರ ನಾನು ಓದಿದ್ದು ಎಂಟೂವರೆಗೆ, ನೀವು ಬೀಗ ತೆಗೆದದ್ದು ಒಂಬತ್ತೂವರೆಗೆ ಎಂದು ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಬರೀ ಬೇರಿಂಗಿನ ವಿಷಯ. ರೋಲು ಕೂಗಿದ್ದು, ಮಿಷಿನ್ನು ನಿಂತದ್ದು, ಐದು ವಾರ.

ಅವರು ನಡುವೆಯೇ ತಡೆದರು. ಅವರ ಮುಖ ಅರಳಿತ್ತು. “ಅಯ್ಯೋ ಹುಚ್ಚಿ, ಅದಕ್ಕೆ ಇಲ್ಲೀ ತನಕ ಬಂದ್ಯಾ? ಪಂಪ್ ರೂಮಲ್ಲಿ ಎಡಗಡೆ ಗೋಡೆ, ಮೂರನೇ ಅಟ್ಟಣಿಗೆ. ಎಣ್ಣೆ ಕಾಗದ ಸುತ್ತಿದೀನಿ. ಅದೇ ಸೈಜು, ಕಣ್ಮುಚ್ಕೊಂಡು ಹಾಕು. ಮರ್ತೇಬಿಟ್ಯಾ?”

ಅವರ ಕಣ್ಣಿನಲ್ಲಿ ನೀರು ತುಂಬಿತ್ತು, ಸಂತೋಷಕ್ಕೆ. ಒಂಬತ್ತು ವರ್ಷ ತಿರುಗಿಸಿ ತಿರುಗಿಸಿ ಇಟ್ಟದ್ದು ಇಂದು ಬೇಕಾಯಿತು. ಹೆಂಡತಿಯ ಕಡೆ ತಿರುಗಿ, “ನೋಡ್ದಾ? ಕಳ್ಳ ಅಂದ್ರಲ್ಲ, ಈಗ ನೋಡು,” ಎಂದರು. ಆಕೆ ಮಜ್ಜಿಗೆಯ ಲೋಟವನ್ನು ನನ್ನ ಮುಂದೆ ಇಟ್ಟರು. ಸ್ವಲ್ಪ ಮೆತ್ತಗಾಗಿದ್ದರು.

“ಹೌದಲ್ವಾ ಅಣ್ಣಾ. ಮರ್ತೇಬಿಟ್ಟಿದ್ದೆ,” ಎಂದೆ.

ಬಸ್ ಸ್ಟಾಪಿನ ತನಕ ಜೊತೆಯಲ್ಲಿ ಬಂದರು. ಹಾಕುವ ಮೊದಲು ಎಣ್ಣೆಯಲ್ಲಿ ಕಾಯಿಸಬೇಕು, ಸುತ್ತಿಗೆಯಲ್ಲಿ ಬಡಿಯಬಾರದು, ಮೊದಲ ಒಂದು ಗಂಟೆ ನಿಧಾನಕ್ಕೆ ಓಡಿಸಬೇಕು ಎಂದು ದಾರಿಯುದ್ದಕ್ಕೂ ಹೇಳಿದರು. ನಾನು ಫೋನಿನಲ್ಲಿ ಎಲ್ಲವನ್ನೂ ಬರೆದುಕೊಂಡೆ. ಮರುದಿನ ಮ್ಯಾನೇಜರಿಗೆ, ಅವರ ಬಳಿ ಬೇರೆ ಇಲ್ಲವಂತೆ ಎಂದೆ. ಮಿಷಿನ್ನು ಐದು ವಾರ ನಿಂತೇ ಇತ್ತು. ದ್ರಾಕ್ಷಿಯವರು ಹೊಸಕೋಟೆಯಿಂದ ಪೆಟ್ಟಿಗೆ ತರಿಸಿಕೊಂಡರು. ಮುಂದಿನ ಆಯುಧಪೂಜೆಗೆ ಯಾರೂ ಏನನ್ನೂ ಹೊರಗೆ ತರಲಿಲ್ಲ. ಸ್ಕ್ಯಾನರಿಗೂ ಲ್ಯಾಪ್‌ಟಾಪಿಗೂ ಹೂವಿಟ್ಟು ಅರ್ಧ ಗಂಟೆಯಲ್ಲಿ ಮುಗಿಸಿದರು. ನಾನು ಎಂದಿನಂತೆ ಕುಂಬಳಕಾಯಿ ತರಿಸಿದ್ದೆ, ಅದರ ಕೋಡ್ ನಂಬರು ಹಾಕಿ.

ಅಣ್ಣ ತಿಂಗಳಿಗೊಮ್ಮೆ, ಭಾನುವಾರ, ಫೋನು ಮಾಡುತ್ತಾರೆ. ಅಮ್ಮಿಯ ಮೊಣಕಾಲು ಹೇಗಿದೆ ಎಂದು ಕೇಳುತ್ತಾರೆ, ಊರಿನ ಸುದ್ದಿ ಹೇಳುತ್ತಾರೆ. ಇಷ್ಟು ಹೊತ್ತಿಗೆ ಯಾರಾದರೂ ಅವರಿಗೆ ನಿಜ ಹೇಳಿರಬಹುದು, ಹೇಳದೆಯೂ ಇರಬಹುದು. ಫೋನು ಇಡುವ ಮೊದಲು ಮಾತ್ರ ಅದೊಂದನ್ನು ಕೇಳದೆ ಬಿಡುವುದಿಲ್ಲ.

“ನಮ್ ಬೇರಿಂಗು ಹೆಂಗೆ ಓಡ್ತಿದೆಯಮ್ಮಾ?”

“ಚೆನ್ನಾಗಿ ಓಡ್ತಿದೆ ಅಣ್ಣಾ,” ಎನ್ನುತ್ತೇನೆ.